ನೋವಿಗೂ ಮೊದಲೇ ಜಾರುವ ಸೊಂಟದ ಕೀಲು

ಸೆರೆಬ್ರಲ್ ಪಾಲ್ಸಿ (ಮಿದುಳಿಗಾದ ಪೆಟ್ಟಿನಿಂದ ಚಲನೆ ಕುಂಠಿತವಾಗುವ ಸ್ಥಿತಿ) ಇರುವ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಬರುವ ಹೆತ್ತವರು ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ: ಮಾತು ಯಾವಾಗ ಬರುತ್ತೆ, ನಡೆಯೋದು ಯಾವಾಗ? ಸೊಂಟದ ಕೀಲು ಹೇಗಿದೆ ಎಂದು ಕೇಳುವವರು ಅಪರೂಪ. ಕೇಳುವುದಾದರೂ ಹೇಗೆ? ಅಲ್ಲಿ ನೋವಿಲ್ಲ, ಬಾವಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ಆದರೆ ಮಗು ಹತ್ತು-ಹನ್ನೆರಡು ವರ್ಷ ತಲುಪುವಷ್ಟರಲ್ಲಿ ರಾತ್ರಿ ನಿದ್ದೆ ಕೆಡಿಸುವುದು, ಗಾಲಿಕುರ್ಚಿಯಲ್ಲಿ ನೆಟ್ಟಗೆ ಕೂರಲು ಬಿಡದಿರುವುದು ಅನೇಕ ಸಲ ಇದೇ ಕೀಲು.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಇಂಥ 323 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ಣು ತೆರೆಸಿತು. ಒಟ್ಟಾರೆ ಶೇ. 35ರಷ್ಟು ಮಕ್ಕಳಲ್ಲಿ ತೊಡೆಮೂಳೆಯ ತಲೆ ಗುಳಿಯಿಂದ ಸರಿದಿತ್ತು. ಚಲನೆಯ ಸಾಮರ್ಥ್ಯಕ್ಕೆ ತಕ್ಕಂತೆ ಈ ಮಕ್ಕಳನ್ನು ಐದು ಹಂತಗಳಾಗಿ ವಿಂಗಡಿಸುವ ಜಿಎಂಎಫ್‌ಸಿಎಸ್ ಎಂಬ ಪದ್ಧತಿಯಿದೆ. ಆಸರೆಯಿಲ್ಲದೆ ನಡೆದಾಡುವ ಮೊದಲ ಹಂತದವರಲ್ಲಿ ಕೀಲು ಸರಿದವರು ಒಬ್ಬರೂ ಇರಲಿಲ್ಲ. ಕತ್ತು ನಿಲ್ಲಿಸುವುದೂ ಕಷ್ಟವಾದ ಐದನೇ ಹಂತದಲ್ಲಿ ಶೇ. 90. ಇನ್ನೂ ಮುಖ್ಯವಾದ ಮಾತೆಂದರೆ, ಸ್ನಾಯು ಬಿಗಿಯೋ ಸಡಿಲವೋ ಎಂಬುದರ ಮೇಲೆ ಈ ಅಪಾಯ ನಿಂತಿರಲಿಲ್ಲ. ಮಗು ಎಷ್ಟು ಚಲಿಸಬಲ್ಲದು ಎಂಬುದರ ಮೇಲೆ ನಿಂತಿತ್ತು. "ನಮ್ಮ ಮಗುವಿನ ಕಾಲು ಮೆತ್ತಗಿದೆ, ಚೆನ್ನಾಗಿ ಅಗಲಿಸುತ್ತದೆ" ಎಂಬ ಸಮಾಧಾನಕ್ಕೆ ಇಲ್ಲಿ ಆಧಾರವಿಲ್ಲ.

ಮಿದುಳಿಗಾದ ಪೆಟ್ಟು ಹೆಚ್ಚುವುದಿಲ್ಲ ಎಂದು ವೈದ್ಯರು ಹೇಳುವುದು ನಿಜ. ಆದರೆ ಮಗು ಬೆಳೆಯುತ್ತದೆ, ಮೂಳೆ ಉದ್ದವಾಗುತ್ತದೆ. ಹುಟ್ಟುವಾಗ ಎಲ್ಲ ಮಕ್ಕಳ ತೊಡೆಮೂಳೆಯ ಕತ್ತೂ ಸುಮಾರು 40 ಡಿಗ್ರಿಯಷ್ಟು ಮುಂದಕ್ಕೆ ತಿರುಚಿರುತ್ತದೆ. ನಿಂತು, ಓಡಿ, ಬಿದ್ದು ಎದ್ದು ಬೆಳೆಯುವ ಮಗುವಿನಲ್ಲಿ ಅದು ಪ್ರಾಯಕ್ಕೆ ಬರುವ ಹೊತ್ತಿಗೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕಾಲಿನ ಮೇಲೆ ಭಾರವೇ ಬೀಳದ ಮಗುವಿನಲ್ಲಿ ಆ ತಿರುಚು ಹಾಗೇ ಉಳಿಯುತ್ತದೆ. ಗುಳಿಯೂ ಆಳವಾಗದೆ, ಅಂಚು ಸವೆದ ಬಟ್ಟಲಿನಂತೆ ಚಪ್ಪಟೆಯಾಗುತ್ತದೆ. ಒಳತೊಡೆಯ ಸ್ನಾಯುಗಳ ಎಳೆತವೂ ಸೇರಿದರೆ ಮೂಳೆಯ ತಲೆ ತಿಂಗಳು ತಿಂಗಳೂ ಹೊರಕ್ಕೆ ಸರಿಯುತ್ತದೆ.

ಇದನ್ನು ಹಿಡಿಯಲು ಎಂಆರ್‌ಐ ಬೇಡ, ದುಬಾರಿ ಪರೀಕ್ಷೆ ಯಾವುದೂ ಬೇಡ. ಸೊಂಟದ ಒಂದು ಸಾದಾ ಎಕ್ಸ್‌ರೇ ಸಾಕು. ಮಗುವನ್ನು ಅಂಗಾತ ಮಲಗಿಸಿ, ಸೊಂಟ ವಾಲದಂತೆ ಹಿಡಿದು, ಮಂಡಿಚಿಪ್ಪು ಮೇಲಕ್ಕೆ ನೋಡುವಂತೆ ಕಾಲು ಜೋಡಿಸಿ ತೆಗೆಯಬೇಕು. ಅಳುವ ಮಗುವಿನ ಕಾಲು ಹೇಗೋ ತಿರುಗಿದ್ದಾಗ ಕ್ಲಿಕ್ಕಿಸಿದ ಚಿತ್ರ ಅಳತೆಗೆ ಬಾರದು. ಹತ್ತು ನಿಮಿಷ ಹೆಚ್ಚು ಹಿಡಿದರೂ ಸರಿ, ಸಮಾಧಾನ ಮಾಡಿಯೇ ತೆಗೆಯಬೇಕು. ಗುಳಿಯ ಹೊರ ಅಂಚಿನಿಂದ ನೇರ ಗೆರೆ ಎಳೆದು, ಮೂಳೆಯ ತಲೆಯ ಎಷ್ಟು ಭಾಗ ಅದರಾಚೆಗಿದೆ ಎಂದು ಶೇಕಡಾವಾರು ಲೆಕ್ಕ ಹಾಕುತ್ತಾರೆ. ಡೆನ್ಮಾರ್ಕಿನ ರೈಮರ್ಸ್ 1980ರಲ್ಲಿ ವಿವರಿಸಿದ ಅಳತೆ ಇದು. ಶೇ. 30 ದಾಟಿದರೆ ಎಚ್ಚರ. 40 ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು. 100 ಎಂದರೆ ಕೀಲು ಪೂರ್ತಿ ತಪ್ಪಿದೆ.

ಈ ಸಂಖ್ಯೆ ಎಷ್ಟಿದ್ದಾಗ ಕೈಗೆ ಸಿಕ್ಕಿತು ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. ಬೇಗ ಸಿಕ್ಕರೆ ಒಳತೊಡೆಯ ಸ್ನಾಯುರಜ್ಜು ಸಡಿಲಿಸುವ ಸಣ್ಣ ಶಸ್ತ್ರಚಿಕಿತ್ಸೆ ಸಾಧ್ಯ. ಆದರೆ ನಾಲ್ಕು, ಐದನೇ ಹಂತದ ಮಕ್ಕಳಲ್ಲಿ ಇದರ ಫಲ ಬಹುಪಾಲು ಉಳಿಯುವುದಿಲ್ಲ. ಆ ಮೇಲೂ ಎಕ್ಸ್‌ರೇ ತಪ್ಪಿಸುವಂತಿಲ್ಲ. ಇನ್ನಷ್ಟು ಸರಿದಿದ್ದರೆ ತೊಡೆಮೂಳೆ ಕತ್ತರಿಸಿ, ತಿರುಚು ಬಿಡಿಸಿ, ಪ್ಲೇಟು ಹಾಕಿ ಜೋಡಿಸುತ್ತಾರೆ; ಬೇಕಾದರೆ ಗುಳಿಯ ಮೇಲ್ಭಾಗವನ್ನೂ ಬಾಗಿಸಿ ಆಳ ಮಾಡುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಯೇ, ಆದರೆ ಕೀಲು ಉಳಿಯುತ್ತದೆ. ವರ್ಷಗಟ್ಟಲೆ ಹೊರಗೇ ಉಜ್ಜಿ ಮೃದ್ವಸ್ಥಿ ಸವೆದ ಮೇಲೆ ಬಂದರೆ ಉಳಿಸುವುದಕ್ಕೆ ಏನೂ ಇರುವುದಿಲ್ಲ. ಆಗ ಮೂಳೆಯ ತಲೆಯನ್ನೇ ತೆಗೆಯುವಂಥ, ನೋವು ತಗ್ಗಿಸುವುದಷ್ಟೇ ಗುರಿಯಾದ ಉಪಾಯಗಳು ಉಳಿಯುತ್ತವೆ.

ಆಪರೇಷನ್ ಮುಗಿದರೆ ಕೆಲಸ ಮುಗಿಯಿತು ಎಂದುಕೊಳ್ಳುವವರಿಗೂ ಒಂದು ಮಾತು. ಮೊದಲ ಕೆಲವು ತಿಂಗಳು ಮಗು ಮುಂಚಿಗಿಂತ ನಿಶ್ಶಕ್ತವಾಗಿಯೇ ಕಾಣುತ್ತದೆ. ಇದನ್ನು ಮೊದಲೇ ಹೇಳದ ಕಾರಣಕ್ಕೆ "ಆಪರೇಷನ್ ಮಾಡಿಸಿ ಕೆಡಿಸಿಕೊಂಡೆವು" ಎಂದು ಫಿಸಿಯೋಥೆರಪಿ ನಿಲ್ಲಿಸುವ ಮನೆಗಳುಂಟು. ಸ್ನಾಯು ಬಲ ಮರಳಲು ವರ್ಷವೇ ಹಿಡಿಯಬಹುದು. ವೈದ್ಯರು ಹೇಳಿದಾಗಿನಿಂದ ಸ್ಟ್ಯಾಂಡಿಂಗ್ ಫ್ರೇಮಿನಲ್ಲಿ ನಿಲ್ಲಿಸುವುದು, ಸರಿಯಾಗಿ ಕೂರಿಸುವುದು, ದಿನವೂ ಕೀಲು ಆಡಿಸುವುದು ಚಿಕಿತ್ಸೆಯ ಅರ್ಧ ಭಾಗ.

ಹಾಗಾದರೆ ಇಂಜೆಕ್ಷನ್, ಬೆಲ್ಟು? ಸ್ನಾಯು ಸಡಿಲಿಸುವ ಬೊಟುಲಿನಮ್ ಇಂಜೆಕ್ಷನ್ ಜೊತೆಗೆ ಕಾಲು ಅಗಲಿಸಿಡುವ ಬ್ರೇಸ್ ಕೊಟ್ಟು ಆಸ್ಟ್ರೇಲಿಯಾದಲ್ಲಿ 90 ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಬಂತು. ಜಾರುವ ವೇಗ ಸ್ವಲ್ಪ ತಗ್ಗಿತೇ ಹೊರತು ಜಾರುವುದು ನಿಲ್ಲಲಿಲ್ಲ. ಎಣ್ಣೆ ತಿಕ್ಕುವುದರಿಂದ ಮಗುವಿಗೆ ಹಿತವಾಗಬಹುದು, ಗುಳಿ ಆಳವಾಗುವುದಿಲ್ಲ.

ಸ್ವೀಡನ್ನಿನ ದಕ್ಷಿಣ ಭಾಗದಲ್ಲಿ 1994ರಿಂದ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳನ್ನೆಲ್ಲ ಒಂದೇ ದಾಖಲೆಗೆ ತಂದು, ಕ್ರಮವಾಗಿ ಎಕ್ಸ್‌ರೇ ತೆಗೆಯುತ್ತಾ ಬಂದರು. ಮೊದಲು ಸುಮಾರು ಶೇ. 9ರಷ್ಟು ಮಕ್ಕಳಲ್ಲಿ ಕೀಲು ಪೂರ್ತಿ ತಪ್ಪುತ್ತಿತ್ತು; ಇಪ್ಪತ್ತು ವರ್ಷಗಳ ಲೆಕ್ಕ ನೋಡಿದಾಗ ಅದು ಶೇ. 1ಕ್ಕಿಂತ ಕೆಳಗಿಳಿದಿತ್ತು. ಅಲ್ಲಿ ಶಸ್ತ್ರಚಿಕಿತ್ಸೆ ತಪ್ಪಲಿಲ್ಲ, ಸಕಾಲಕ್ಕೆ ಆಯಿತು ಅಷ್ಟೆ.

ನಮ್ಮಲ್ಲೂ ಸಾಧನಗಳ ಕೊರತೆಯನ್ನೇ ದೂರುವಂತಿಲ್ಲ. ಎಕ್ಸ್‌ರೇ ಯಂತ್ರ ತಾಲ್ಲೂಕು ಆಸ್ಪತ್ರೆಯಲ್ಲೂ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ, ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಗುರುತಿಸಿ ಕಳಿಸಲು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. ಅಲ್ಲಿಗೆ ಬರುವ ಪ್ರತಿ ಮಗುವಿನ ಕಡತದಲ್ಲೂ ಸೊಂಟದ ಎಕ್ಸ್‌ರೇಗೆ ಒಂದು ಅಂಕಣ ಕಡ್ಡಾಯವಾಗಬೇಕು. ಫಿಸಿಯೋಥೆರಪಿಸ್ಟರು ಆ ಅಂಕಣ ಖಾಲಿ ಕಂಡರೆ ಮಗುವನ್ನು ಮೂಳೆ ತಜ್ಞರ ಬಳಿಗೆ ಕಳಿಸಬೇಕು.

ಹೆತ್ತವರು ಅಲ್ಲಿಯವರೆಗೆ ಕಾಯಬೇಕಿಲ್ಲ. ಒಂದರಿಂದ ಎರಡು ವರ್ಷದೊಳಗೆ ಮೊದಲ ಎಕ್ಸ್‌ರೇ, ಸ್ವಂತ ಬಲದಿಂದ ನಡೆಯಲಾಗದ ಮಗುವಿಗೆ ಆ ಮೇಲೆ ಆರು ತಿಂಗಳಿಗೊಮ್ಮೆ, ಸ್ಥಿರವಾಗಿದೆ ಎಂದು ವೈದ್ಯರು ಹೇಳಿದ ಮೇಲೆ ವರ್ಷಕ್ಕೊಮ್ಮೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಮೂಳೆಯ ತಲೆ ಶೇಕಡಾ ಎಷ್ಟು ಹೊರಗಿದೆ ಎಂದು ಕೇಳಿ, ತಾರೀಖಿನ ಸಮೇತ ಮಗುವಿನ ಪುಸ್ತಕದಲ್ಲಿ ಬರೆಸಿಕೊಳ್ಳಿ.