ಕೊಯ್ದ ಹುಲ್ಲಿನೊಡನೆ ಹೊರಹೋಗುವ ಮಣ್ಣಿನ ಸಾರ

ಹುಲ್ಲು ತಾನಾಗಿ ಬೆಳೆಯುತ್ತದೆ, ಅದಕ್ಕೇಕೆ ಗೊಬ್ಬರ ಎನ್ನುವವರು ನಮ್ಮಲ್ಲಿ ಅನೇಕರಿದ್ದಾರೆ. ಬದುವಿನ ಗರಿಕೆಯ ಮಟ್ಟಿಗೆ ಈ ಮಾತು ಸರಿಯಿರಬಹುದು. ಆದರೆ ಮೇಲಿಂದ ಮೇಲೆ ಕೊಯ್ದು ಹೊರಗೆ ಸಾಗಿಸುವ ಹುಲ್ಲಿನ ವಿಷಯವೇ ಬೇರೆ. ನಾಟಿ ಮಾಡಿದ ಹೊಸದರಲ್ಲಿ ಆಳೆತ್ತರ ಬೆಳೆದ ನೇಪಿಯರ್ ಹುಲ್ಲು ಕೆಲವು ವರ್ಷಗಳಲ್ಲಿ ದಂಟು ಸಣ್ಣಗಾಗಿ, ಎಲೆ ಹಳದಿಯಾಗಿ ಸೊರಗುವುದುಂಟು. ಇದಕ್ಕೆ ಒಂದು ಮುಖ್ಯ ಕಾರಣವನ್ನು ಗಾಲ್ಫ್ ಮೈದಾನದ ಹುಲ್ಲಿನಿಂದ ಚೆನ್ನಾಗಿ ಅರಿಯಬಹುದು.

ಗಾಲ್ಫ್ ಮೈದಾನದ ಪಾಠ

ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ 1876ರಲ್ಲಿಯೇ ಆರಂಭವಾಯಿತು. ಬೆಚ್ಚನೆಯ ಹವೆಯ ಪ್ರದೇಶಗಳ ಇಂಥ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವುದು ನಮ್ಮ ಗರಿಕೆಯ ಜಾತಿಯ ಹುಲ್ಲನ್ನೇ. ಚೆಂಡು ಬೀಳಿಸುವ ಗುಳಿಯ ಸುತ್ತಲಿನ ‘ಗ್ರೀನ್’ ಎಂಬ ಜಾಗದಲ್ಲಿ ಹುಲ್ಲನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ, ಬಹುತೇಕ ದಿನವೂ ಕತ್ತರಿಸಿ, ತುಣುಕುಗಳನ್ನು ಹೊರಗೆ ಒಯ್ಯುತ್ತಾರೆ. ‘ಫೇರ್‌ವೇ’ ಎಂಬ ವಿಶಾಲ ಭಾಗದಲ್ಲಿ ತುಣುಕುಗಳನ್ನು ಸಾಮಾನ್ಯವಾಗಿ ಅಲ್ಲಿಯೇ ಬಿಡುತ್ತಾರೆ. ಅವು ಕೊಳೆತು ಸಾರ ಮಣ್ಣಿಗೆ ಮರಳುವುದರಿಂದ ಅಲ್ಲಿಗೆ ಕಡಿಮೆ ಗೊಬ್ಬರ ಸಾಕಾಗುತ್ತದೆ.

ಚೆನ್ನಾಗಿ ಪೋಷಿಸಿದ ಇಂಥ ಹುಲ್ಲಿನ ಎಲೆಯ ಒಣ ತೂಕದಲ್ಲಿ ಸುಮಾರು ಶೇಕಡಾ 4ರಷ್ಟು ಸಾರಜನಕ, ಶೇಕಡಾ 2ರಷ್ಟು ಪೊಟ್ಯಾಸಿಯಂ, ಶೇಕಡಾ 0.5ರಷ್ಟು ರಂಜಕ ಇರುತ್ತವೆ. ಅಂದರೆ ಒಂದು ಕಿಲೋ ಒಣ ತುಣುಕು ಹೊರಹೋದರೆ 40 ಗ್ರಾಂ ಸಾರಜನಕ ಹೋದಂತೆಯೇ. ಆದುದರಿಂದ ಗೊಬ್ಬರವನ್ನು ಒಮ್ಮೆಗೇ ಸುರಿಯದೆ, ಬೆಳವಣಿಗೆಗೆ ತಕ್ಕಂತೆ ಸ್ವಲ್ಪಸ್ವಲ್ಪವಾಗಿ ಕೊಡುವುದು ಅಲ್ಲಿನ ಕ್ರಮ. 500 ಚದರ ಮೀಟರಿನ ಗ್ರೀನಿಗೆ ತಿಂಗಳಿಗೆ ಚದರ ಮೀಟರಿಗೆ 3 ಗ್ರಾಂ ಸಾರಜನಕ ಬೇಕೆಂದುಕೊಂಡರೆ, ಒಟ್ಟು ಒಂದೂವರೆ ಕಿಲೋ ಸಾರಜನಕ, ಅಂದರೆ ಸುಮಾರು ಮೂರೂಕಾಲು ಕಿಲೋ ಯೂರಿಯಾ ಆಯಿತು.

ನಮ್ಮ ಮೇವಿನ ಲೆಕ್ಕ

ಈಗ ಹತ್ತು ಗುಂಟೆಯ ನೇಪಿಯರ್ ತಾಕನ್ನು ನೋಡೋಣ. ಒಂದು ಕೊಯ್ಲಿಗೆ 3 ಟನ್ ಹಸಿಮೇವು ಬಂತೆನ್ನಿ. ಅದರಲ್ಲಿ ಐದನೆಯ ಒಂದು ಭಾಗ, ಅಂದರೆ 600 ಕಿಲೋ, ಒಣ ಪದಾರ್ಥ. ಇದರಲ್ಲಿ ಸಸಾರಜನಕ ಶೇಕಡಾ 9 ಇದ್ದರೆ ಸಾರಜನಕ ಸುಮಾರು ಎಂಟೂವರೆ ಕಿಲೋ ಆಗುತ್ತದೆ. ಇದು ಹದಿನೆಂಟೂವರೆ ಕಿಲೋ ಯೂರಿಯಾದಲ್ಲಿರುವಷ್ಟು. ಪೊಟ್ಯಾಸಿಯಂ ಶೇಕಡಾ 2ರಂತೆ 12 ಕಿಲೋ ಹೋಗುತ್ತದೆ. ಇದು ಸುಮಾರು 24 ಕಿಲೋ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ಗೆ ಸಮ. ವರ್ಷಕ್ಕೆ ಆರೇಳು ಕೊಯ್ಲಾದರೆ ನಷ್ಟವೆಷ್ಟೆಂದು ರೈತರೇ ಗುಣಿಸಿ ನೋಡಬಹುದು.

ಇಷ್ಟನ್ನೂ ಅಂಗಡಿಯಿಂದಲೇ ಕೊಂಡು ತರಬೇಕೆಂದಲ್ಲ. ಹಸು ತಿಂದ ಮೇವಿನ ಸಾರಜನಕದಲ್ಲಿ ಹೆಚ್ಚು ಭಾಗ ಸಗಣಿ, ಗಂಜಲಗಳಲ್ಲಿ ಹೊರಬರುತ್ತದೆ. ಪೊಟ್ಯಾಷಿನ ಬಹುಭಾಗ ಇರುವುದು ಗಂಜಲದಲ್ಲಿ. ಸಗಣಿಯನ್ನು ಜೋಪಾನವಾಗಿ ತಿಪ್ಪೆಗೆ ಹಾಕಿ, ಗಂಜಲವನ್ನು ಚರಂಡಿಗೆ ಬಿಡುವ ರೈತ ಕೊಂಡ ಗೊಬ್ಬರವನ್ನೇ ಹರಿಯಬಿಟ್ಟಂತಾಯಿತು. ಕೊಟ್ಟಿಗೆಯ ನೆಲಕ್ಕೆ ಇಳಿಜಾರು ಕೊಟ್ಟು ಗಂಜಲವನ್ನು ಗುಂಡಿಯಲ್ಲಿ ಕೂಡಿಸಿ, ನೀರು ಬೆರೆಸಿ ಹುಲ್ಲಿನ ಸಾಲುಗಳಿಗೆ ಹಾಯಿಸುವುದು ಲಾಭದಾಯಕ. ಗುಂಡಿಯ ಅನುಕೂಲವಿಲ್ಲದವರು ಹಾಸಿಗೆಗೆ ತರಗೆಲೆ, ಕೂಳೆ, ಒಣಹುಲ್ಲು ಹಾಕಿ, ಅದು ಗಂಜಲ ಹೀರಿದ ಮೇಲೆ ತಿಪ್ಪೆಗೆ ಸೇರಿಸಬಹುದು. ಮೇವನ್ನು ಮಾರುವವರಿಗೆ ಈ ಅವಕಾಶವಿಲ್ಲ. ಗಾಡಿಯೊಡನೆ ಸಾರವೆಲ್ಲ ಹೊರಟುಹೋಗುತ್ತದೆ. ಅಂಥವರು ಗೊಬ್ಬರದ ವೆಚ್ಚವನ್ನೂ ಮೇವಿನ ಬೆಲೆಯಲ್ಲಿ ಸೇರಿಸಿ ಲೆಕ್ಕ ಹಾಕುವುದು ಒಳ್ಳೆಯದು.

ಕಾಲವರಿತು ಕೊಡಿ

ಗರಿಕೆಯಾಗಲಿ ನೇಪಿಯರ್ ಆಗಲಿ, 25ರಿಂದ 35 ಡಿಗ್ರಿ ಉಷ್ಣತೆಯಲ್ಲಿ, ತೇವವಿದ್ದಾಗ ಹುಲುಸಾಗಿ ಬೆಳೆಯುತ್ತವೆ. ಚಳಿಯಲ್ಲಿ ಬೆಳವಣಿಗೆ ನಿಧಾನವಾಗುತ್ತದೆ. ಬೆಳವಣಿಗೆ ಕಡಿಮೆಯಾದಾಗ ಮಣ್ಣಿನಿಂದ ಹೋಗುವ ಸಾರವೂ ಕಡಿಮೆ. ಆಗ ಗೊಬ್ಬರವನ್ನೂ ಇಳಿಸಬೇಕು. ಪ್ರತಿ ಕೊಯ್ಲಿನ ನಂತರ ಕಳೆ ತೆಗೆದು, ತೇವವಿರುವಾಗ ಸಾರಜನಕ ಕೊಟ್ಟು ಮಣ್ಣಿನಲ್ಲಿ ಬೆರೆಸುವುದು ಸೂಕ್ತ. ನೀರಿಲ್ಲದ ಬೇಸಿಗೆಯಲ್ಲಿ ಅತಿಯಾಗಿ ಯೂರಿಯಾ ಹಾಕಿದರೆ ಹುಲ್ಲಿನಲ್ಲಿ ನೈಟ್ರೇಟ್ ಸಂಗ್ರಹವಾಗಿ ದನಗಳ ಜೀವಕ್ಕೇ ಅಪಾಯವಾಗಬಹುದು.

ಹುಲ್ಲು ತನ್ನ ಅಗತ್ಯಕ್ಕಿಂತ ಹೆಚ್ಚು ಪೊಟ್ಯಾಷ್ ಹೀರುವ ಗುಣವುಳ್ಳದ್ದು. ಆದಕಾರಣ ಹೋದಷ್ಟನ್ನೂ ಕಣ್ಣುಮುಚ್ಚಿ ತುಂಬುವುದು ಸರಿಯಲ್ಲ. ಕಪ್ಪು ಮಣ್ಣಿನಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಹೆಚ್ಚು, ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸಿಯೇ ಪ್ರಮಾಣವನ್ನು ನಿರ್ಧರಿಸಬೇಕು.

ಕೊಯ್ಲಿನ ದಿನ ಎಷ್ಟು ಹೊರೆ ಹುಲ್ಲು ಬಂತೆಂದು ಒಂದು ಪುಸ್ತಕದಲ್ಲಿ ಬರೆದಿಡುವ ರೂಢಿ ಮಾಡಿಕೊಳ್ಳಿ. ಒಂದೆರಡು ಹೊರೆ ತೂಗಿ ನೋಡಿದರೆ ಒಟ್ಟು ತೂಕ ತಿಳಿಯುತ್ತದೆ. ಹೊಲದಿಂದ ಹೋದದ್ದೆಷ್ಟು, ಮರಳಿ ಬಂದದ್ದೆಷ್ಟು ಎಂಬ ಲೆಕ್ಕ ಕೈಯಲ್ಲಿದ್ದರೆ ಹುಲ್ಲು ಸೊರಗುವ ಮೊದಲೇ ಎಚ್ಚೆತ್ತುಕೊಳ್ಳಬಹುದು.