ಪಡಸಾಲೆಗೆ ಒಪ್ಪುವ ಶೈಲಿ: ತಪ್ಪು ಕಲ್ಪನೆ ಮತ್ತು ಸತ್ಯ

ಕೋಣೆಯ ಅಲಂಕಾರದ ಶೈಲಿ ಎಂದರೆ ಅಲ್ಲಿನ ಬಣ್ಣ, ಬೆಳಕು, ಬಟ್ಟೆ, ಪೀಠೋಪಕರಣಗಳು ಒಂದಕ್ಕೊಂದು ಹೊಂದಿಕೊಂಡಿರುವ ರೀತಿ. ಆ ರೀತಿ ಮನೆಯವರ ಬದುಕಿಗೂ ಊರಿನ ಹವೆಗೂ ಒಪ್ಪಿದರೆ ಅದು ಅವರ ಸ್ವಂತ ಶೈಲಿ ಎನಿಸುತ್ತದೆ. ಕುಕನೂರು, ಯಲಬುರ್ಗಾ, ಕುಷ್ಟಗಿ ಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇದ್ದ ಜಾಗದಲ್ಲಿ ಈಗ ಆರ್‌ಸಿಸಿ ಮನೆಗಳು ಎದ್ದಿವೆ, ಪಡಸಾಲೆ ಹಾಲ್ ಆಗಿದೆ. ಹೊಸ ಹಾಲನ್ನು ಹೇಗೆ ಸಿಂಗರಿಸಬೇಕೆಂಬ ತಿಳಿವಳಿಕೆ ಮಾತ್ರ ಬಹುಮಟ್ಟಿಗೆ ಅಂಗಡಿಯಿಂದ, ಧಾರಾವಾಹಿಯಿಂದ, ಮೊಬೈಲಿನ ಚಿತ್ರಗಳಿಂದ ಬಂದದ್ದು. ಅದರಲ್ಲಿ ಕೆಲವು ಮಾತು ನಿಜ, ಹಲವು ತಪ್ಪು.

ಕಲ್ಪನೆ: ಹೆಸರಿರುವ ಶೈಲಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು

ಮಾಡರ್ನ್, ಸ್ಕ್ಯಾಂಡಿನೇವಿಯನ್, ಬೋಹೊ ಮುಂತಾದ ಹೆಸರುಗಳನ್ನು ಮುಂದಿಟ್ಟು ಇವುಗಳಲ್ಲಿ ನಿಮ್ಮದು ಯಾವುದು ಎಂದು ಕೇಳುವ ರೂಢಿ ಬಂದಿದೆ. ಆದರೆ ಇಂಥ ಒಂದೊಂದು ಶೈಲಿಯೂ ಒಂದು ಕಾಲದ, ಒಂದು ನಾಡಿನ ಅಗತ್ಯದಿಂದ ಹುಟ್ಟಿದೆ. ಸ್ವೀಡನ್, ಡೆನ್ಮಾರ್ಕ್ ಮುಂತಾದ ಉತ್ತರ ಯೂರೋಪಿನ ದೇಶಗಳಲ್ಲಿ ಚಳಿಗಾಲದ ಹಗಲು ಬಹಳ ಚಿಕ್ಕದು. ಸಿಕ್ಕ ಅಲ್ಪ ಬೆಳಕನ್ನು ಕೋಣೆಯೊಳಗೆ ಉಳಿಸಿಕೊಳ್ಳಲು ಅಲ್ಲಿ ಬಿಳಿ ಗೋಡೆ, ತಿಳಿಬಣ್ಣದ ಮರ, ಪರದೆಯಿಲ್ಲದ ದೊಡ್ಡ ಕಿಟಕಿ ಬಂದವು. ಎರೆಹೊಲದ ನಡುವಿನ ಕುಕನೂರಿನ ತೊಂದರೆ ಇದಕ್ಕೆ ತದ್ವಿರುದ್ಧ. ಇಲ್ಲಿ ಬೇಸಿಗೆಯ ಬೆಳಕನ್ನೂ ಧಗೆಯನ್ನೂ ಹೊರಗೇ ತಡೆಯಬೇಕು, ಎರೆಮಣ್ಣಿನ ದೂಳನ್ನೂ ತಡೆಯಬೇಕು.

ಹಳೆಯ ಮನೆಗಳು ಇದಕ್ಕೆ ಉತ್ತರ ಕಂಡುಕೊಂಡಿದ್ದವು. ದಪ್ಪ ಗೋಡೆ, ಜಂತಿಯ ಮೇಲೆ ಮಣ್ಣಿನ ಮಾಳಿಗೆ, ಮೇಲಿನಿಂದ ಬೆಳಕು ಇಳಿಸುವ ಗವಾಕ್ಷಿ ಅಲ್ಲಿದ್ದವು. ದೀಪ, ಪುಸ್ತಕ, ಎಲೆ ಅಡಿಕೆ ಇಡಲು ಗೋಡೆಯಲ್ಲೇ ಮಾಡ, ಬಟ್ಟೆ ಚೀಲಗಳಿಗೆ ಗೂಟ, ಹಾಲು ಮೊಸರಿಗೆ ನೆಲುವು. ಸಾಮಾನು ಗೋಡೆಗೂ ಜಂತಿಗೂ ಸೇರಿದ್ದರಿಂದ ನೆಲ ಬರಿದಾಗಿ ಉಳಿಯುತ್ತಿತ್ತು. ಅದೇ ನೆಲದ ಮೇಲೆ ಊಟ, ಕಾಳು ಹಸನು ಮಾಡುವುದು, ರಾತ್ರಿಯ ಹಾಸಿಗೆ ಎಲ್ಲ ನಡೆಯುತ್ತಿದ್ದವು. ಯಾವ ಕ್ಯಾಟಲಾಗೂ ಇದಕ್ಕೆ ಹೆಸರಿಟ್ಟಿಲ್ಲ, ಆದರೂ ಇದು ಪೂರ್ಣವಾದ ಶೈಲಿ.

ಆದ್ದರಿಂದ ಶೈಲಿಯ ಹುಡುಕಾಟ ಶುರುವಾಗಬೇಕಾದದ್ದು ಬಳಕೆಯಿಂದ. ಕೋಣೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಏನು ನಡೆಯುತ್ತದೆ, ಯಾರು ಎಲ್ಲಿ ಕೂರುತ್ತಾರೆ, ಮಕ್ಕಳು ಎಲ್ಲಿ ಓದುತ್ತಾರೆ, ಬೀಗರು ಬಂದಾಗ ಎಷ್ಟು ಮಂದಿ ಮಲಗುತ್ತಾರೆ ಎಂಬುದನ್ನು ಒಂದು ವಾರ ಗಮನಿಸಿದರೆ ಅರ್ಧ ತೀರ್ಮಾನ ತಾನಾಗಿ ಆಗುತ್ತದೆ. ನೆಲದ ಮೇಲೆ ಉಣ್ಣುವ, ಮಲಗುವ ಮನೆಗೆ ಹಾಲು ತುಂಬುವ ಸೋಫಾ ಸೆಟ್ಟು ಎಷ್ಟೇ ಚೆಂದವಿದ್ದರೂ ಅಡ್ಡಿಯೇ.

ಕಲ್ಪನೆ: ಅಲಂಕಾರ ಎಂದರೆ ಹೊಸದನ್ನು ಕೊಳ್ಳುವುದು, ಹಳೆಯದು ಮರ್ಯಾದೆಗೆ ಕಡಿಮೆ

ಈ ಭಾಗದ ಮನೆಗಳಿಗೆ ಹೆಚ್ಚು ನಷ್ಟ ಮಾಡಿದ ಕಲ್ಪನೆ ಇದು. ಬಂದವರಿಗೆ ಕಾಣಬಾರದೆಂದು ಕೌದಿಯನ್ನು ಟ್ರಂಕಿನಲ್ಲಿಟ್ಟು, ಪ್ಲಾಸ್ಟಿಕ್ ಹೂಗಳನ್ನು ಶೋಕೇಸಿನಲ್ಲಿಡುವ ಮನೆಗಳು ಬಹಳ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ಕೌದಿಯಲ್ಲಿ ಬಣ್ಣ ಜೋಡಿಸುವ ಪಕ್ವ ಕಣ್ಣಿದೆ. ಇಳಕಲ್ ಸೀರೆಯ ಕೆಂಪು ಸೆರಗು, ಗುಳೇದಗುಡ್ಡ ಖಣದ ತುಂಡು, ಮಾಸಿದ ಬಿಳಿ ಧೋತರ ಅಲ್ಲಿ ಅಕ್ಕಪಕ್ಕ ಕೂಡುತ್ತವೆ. ಮನೆಯ ಹೆಂಗಸರು ಯಾವ ಬಣ್ಣದ ಪಕ್ಕಕ್ಕೆ ಯಾವುದನ್ನು ಇಟ್ಟಿದ್ದಾರೆ ಎಂದು ನೋಡಿದರೆ ಆ ಮನೆತನದ ರುಚಿ ಏನೆಂಬುದು ಬಣ್ಣದ ಅಂಗಡಿಯ ಯಾವ ಕಾರ್ಡಿಗಿಂತ ಚೆನ್ನಾಗಿ ತಿಳಿಯುತ್ತದೆ. ಗೋಡೆಗೆ ತೂಗುಹಾಕುವುದಾದರೆ ನೇರ ಬಿಸಿಲು ಬೀಳದ ಗೋಡೆ ಬೇಕು, ಬಿಸಿಲಿಗೆ ಬಟ್ಟೆಯ ಬಣ್ಣ ಮಾಸುತ್ತದೆ.

ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆಗಳ ಮಾತೂ ಹೀಗೆಯೇ. ಚಿತ್ರಗಾರ ಮನೆತನಗಳು ಹಗುರ ಮರವನ್ನು ಕೆತ್ತಿ, ಮೇಲೆ ಹುಣಸೆ ಬೀಜದ ಅಂಟಿನ ಲೇಪ ಕೊಟ್ಟು, ಗಾಢ ಬಣ್ಣ ಬಳಿಯುತ್ತ ಬಂದ ಕಲೆ ಇದು. ಬಂಗಾರದಂತೆ ಹೊಳೆಯುವ ಕಡೆ ತವರದ ತೆಳು ಹಾಳೆಯನ್ನು ಬಳಸುವ ಪದ್ಧತಿಯೂ ಇದೆ. ಗರುಡ, ಕಾಮಧೇನು, ಪ್ರಾಣಿ, ಹಣ್ಣುಗಳ ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ನವಲಗುಂದದಲ್ಲಿ ಮುಸ್ಲಿಂ ಮಹಿಳೆಯರು ನಿಲುವು ಮಗ್ಗದಲ್ಲಿ ನೇಯುವ ಜಮಖಾನಕ್ಕೂ ಅದೇ ಮಾನ್ಯತೆ ಇದೆ, ನೇಯುವ ಕೈಗಳು ಮಾತ್ರ ಕಡಿಮೆಯಾಗಿವೆ. ಇಂಥ ಒಂದು ವಸ್ತು ಮನೆಯಲ್ಲಿದ್ದರೆ ಕೋಣೆಯ ಉಳಿದ ಬಣ್ಣಗಳನ್ನು ಅದರಿಂದಲೇ ಎತ್ತಿಕೊಳ್ಳಬಹುದು. ಹುಣಸೆ ಅಂಟಿನ ಲೇಪವಿರುವ ಹಳೆಯ ಗೊಂಬೆಯನ್ನು ಒದ್ದೆ ಬಟ್ಟೆಯಿಂದ ಒರೆಸಬಾರದು, ಒಣ ಮೆತ್ತನೆಯ ಬಟ್ಟೆ ಸಾಕು.

ಕಲ್ಪನೆ: ಎಲ್ಲವೂ ಸೆಟ್ಟಾಗಿರಬೇಕು, ಗೋಡೆ ಖಾಲಿ ಬಿಡಬಾರದು

ಪರದೆ, ಸೋಫಾ, ದಿಂಬು, ಗೋಡೆ ಎಲ್ಲ ಒಂದೇ ಬಣ್ಣವಾದರೆ ಕೋಣೆ ಅಂಗಡಿಯ ಮಾದರಿಯಂತೆ ಕಾಣುತ್ತದೆ. ಹೊಂದಿಕೆಗೆ ಒಂದೇ ಬಣ್ಣ ಮೂರು ನಾಲ್ಕು ಕಡೆ ಮರುಕಳಿಸಿದರೆ ಸಾಕು, ವಸ್ತುಗಳು ಬೇರೆ ಬೇರೆ ಕಾಲದವು ಇರಬಹುದು. ಖಾಲಿ ಗೋಡೆಯೂ ಅಲಂಕಾರದ ಭಾಗವೇ, ಕಣ್ಣಿಗೆ ವಿಶ್ರಾಂತಿ ಬೇಕಾಗುತ್ತದೆ.

ಕುಕನೂರಿಗೆ ಹತ್ತಿರದ ಇಟಗಿಯ ಮಹಾದೇವ ದೇವಾಲಯ 1112ರಲ್ಲಿ ಕಟ್ಟಿದ್ದು, ಕಲ್ಯಾಣ ಚಾಲುಕ್ಯರ 6ನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಕೆತ್ತನೆಗೆ ಇಷ್ಟು ಹೆಸರಾದ ಗುಡಿಯಲ್ಲೂ ಬಾಗಿಲವಾಡಕ್ಕೆ ಸಿಕ್ಕ ಸೂಕ್ಷ್ಮ ಕೆಲಸ ಎಲ್ಲ ಭಾಗಕ್ಕೂ ಸಿಕ್ಕಿಲ್ಲ. ಈ ಸೀಮೆಯ ಹಳೆಯ ವಾಡೆಗಳಲ್ಲಿಯೂ ಕೆತ್ತನೆ ತಲೆಬಾಗಿಲಿಗೆ, ಕಂಬದ ಬೋದಿಗೆಗೆ ಮೀಸಲು, ಗೋಡೆ ಸುಣ್ಣ ಬಳಿದ ಸಾದಾ ಗೋಡೆ. ಎಲ್ಲಿ ಕಣ್ಣು ನಿಲ್ಲಬೇಕೋ ಅಲ್ಲಿ ಕೆಲಸ, ಉಳಿದೆಡೆ ಬಯಲು. ಇಂದಿನ ಹತ್ತು ಹನ್ನೆರಡು ಅಡಿಯ ಹಾಲಿಗೂ ಇದೇ ಸರಿ.

ಕಲ್ಪನೆ: ಬಿಳಿ ಬಳಿದರೆ ಕೋಣೆ ದೊಡ್ಡದು, ಕಪ್ಪು ನೆಲ ಕೋಣೆಯನ್ನು ಕುಗ್ಗಿಸುತ್ತದೆ

ಇದು ಅರ್ಧ ಸತ್ಯ. ಜರ್ಮನಿಯ ಮೈಂಜ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತಿಳಿಬಣ್ಣದ ಛಾವಣಿ ಮತ್ತು ತಿಳಿಬಣ್ಣದ ಗೋಡೆ ಕೋಣೆಯನ್ನು ಎತ್ತರವಾಗಿ ಕಾಣಿಸಿದವು. ನೆಲದ ಬಣ್ಣ ತಿಳಿಯಾದರೂ ಗಾಢವಾದರೂ ಎತ್ತರದ ಅಂದಾಜು ಬದಲಾಗಲಿಲ್ಲ. ಅಂದರೆ ಶಹಾಬಾದ್ ಅಥವಾ ಕಡಪಾ ಕಲ್ಲಿನ ನೆಲ ಕೋಣೆಯನ್ನು ತಗ್ಗಾಗಿಸುತ್ತದೆಂದು ಹೆದರಿ ಅದನ್ನು ಕಿತ್ತು ಬಿಳಿ ಟೈಲ್ಸ್ ಹಾಕಿಸಬೇಕಾಗಿಲ್ಲ. ಬೇಸಿಗೆಯಲ್ಲಿ ನಡುಮಧ್ಯಾಹ್ನದ ಬೆಳಕು ಹೊಳಪಿನ ಬಿಳಿ ಟೈಲ್ಸಿನಿಂದ ಪುಟಿದು ಕಣ್ಣಿಗೆ ಚುಚ್ಚುತ್ತದೆ, ಹೊಳಪಿಲ್ಲದ ಕಲ್ಲು ಹಾಗೆ ಚುಚ್ಚುವುದಿಲ್ಲ. ಎರೆಮಣ್ಣಿನ ಹೆಜ್ಜೆ ಗುರುತೂ ಅದರ ಮೇಲೆ ಅಷ್ಟಾಗಿ ಎದ್ದು ಕಾಣದು.

ಕಲ್ಪನೆ: ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ, ಆ ಕೋಣೆಗೆ ಬೆಚ್ಚನೆಯ ಬಣ್ಣ ಬೇಕು

ಇದು ಯೂರೋಪಿನ ಪುಸ್ತಕಗಳ ಮಾತು. ಕುಕನೂರು ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ಕಾಟಕ ವೃತ್ತಕ್ಕಿಂತ ಬಹಳ ಕೆಳಗೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಜೂನ್ ತಿಂಗಳಲ್ಲಿ ಉತ್ತರದ ಕಿಟಕಿಗೆ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬೀಳುತ್ತದೆ. ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಆಳವಾಗಿ ಬರುವುದು ಡಿಸೆಂಬರಿನಲ್ಲಿ, ಚಳಿಗಾಲದಲ್ಲಿ ಅದು ಹಿತವೇ. ನಿಜವಾಗಿ ಕಾಡುವುದು ಪಶ್ಚಿಮದ ಗೋಡೆ. ದಪ್ಪ ಪರದೆ, ಹೊರಗಿನ ಚಪ್ಪರ, ಬೇವಿನ ನೆರಳು ಮೊದಲು ಬೇಕಾದದ್ದು ಅಲ್ಲಿ. ಅಂಗಡಿಯಲ್ಲಿ ಕಾರ್ಡು ನೋಡಿ ಬಣ್ಣ ನಿಗದಿ ಮಾಡುವ ಬದಲು ಒಂದೆರಡು ಅಡಿ ಜಾಗಕ್ಕೆ ಬಳಿದು, ಬೆಳಿಗ್ಗೆ, ಮಧ್ಯಾಹ್ನ, ದೀಪದ ಬೆಳಕಿನಲ್ಲಿ ಮೂರು ಸಲ ನೋಡುವುದು ಖಚಿತ ದಾರಿ.

ಕಲ್ಪನೆ: ಹಳದಿ ಬಲ್ಬು ಮಂದ, ಬಿಳಿ ಬಲ್ಬೇ ಪ್ರಖರ

ಬಲ್ಬಿನ ಬೆಳಕಿನ ಪ್ರಮಾಣವನ್ನು ಲ್ಯೂಮೆನ್ ಹೇಳುತ್ತದೆ, ಬೆಳಕಿನ ಬಣ್ಣವನ್ನು ಕೆಲ್ವಿನ್ ಹೇಳುತ್ತದೆ. ಎರಡೂ ಡಬ್ಬದ ಮೇಲೆ ಅಚ್ಚಾಗಿರುತ್ತವೆ. 6500 ಕೆಲ್ವಿನ್ ನೀಲಿ ಬೆರೆತ ಬಿಳಿ, 2700ರಿಂದ 3000 ಹಳದಿ. ಲ್ಯೂಮೆನ್ ಸಮವಿದ್ದರೆ ಬೆಳಕೂ ಸಮ. ಕಿನ್ನಾಳದ ಕೆಂಪು, ಕೌದಿಯ ಅರಿಶಿನ ಬಣ್ಣ, ಮರದ ಕಂದು ಹಳದಿ ಬೆಳಕಿನಲ್ಲಿ ತುಂಬಿಕೊಂಡು ಕಾಣುತ್ತವೆ, ನೀಲಿ ಬೆರೆತ ಬೆಳಕಿನಲ್ಲಿ ಕಳೆಗುಂದುತ್ತವೆ. ಓದುವ ಮೇಜಿಗೆ ಬಿಳಿ ದೀಪ, ಕೂರುವ ಮೂಲೆಗೆ ಹಳದಿ ದೀಪ ಎಂದು ಎರಡನ್ನೂ ಇಡಬಹುದು. ಬಲ್ಬು ಬದಲಿಸುವಷ್ಟು ಅಗ್ಗದ, ಇಷ್ಟು ಪರಿಣಾಮದ ಅಲಂಕಾರ ಬೇರೆ ಇಲ್ಲ.

ಕಲ್ಪನೆ: ಸುಣ್ಣ ಬಡವರದು, ಪ್ಲಾಸ್ಟಿಕ್ ಪೇಂಟೇ ಬಾಳಿಕೆಯದು

ಸಿಮೆಂಟು ಗಿಲಾವಿನ ಹೊಸ ಗೋಡೆಗೆ ಎಮಲ್ಷನ್ ಚೆನ್ನಾಗಿ ಬಾಳುತ್ತದೆ. ಮಣ್ಣು, ಕಲ್ಲಿನ ಹಳೆಯ ಗೋಡೆಯ ಮಾತು ಬೇರೆ. ಆ ಗೋಡೆ ನೆಲದಿಂದ ತೇವ ಹೀರಿ ಹೊರಗೆ ಬಿಡುತ್ತಿರುತ್ತದೆ. ಪೇಂಟಿನ ಪೊರೆ ತೇವವನ್ನು ಒಳಗೆ ತಡೆದಾಗ ಗುಳ್ಳೆ ಎದ್ದು, ಉಪ್ಪು ಒಡೆದು, ಪದರು ಉದುರುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗೋಡೆಯ ಮೇಲೆ ಸುಣ್ಣಕಲ್ಲಿನ ತೆಳು ಪದರವಾಗಿ ಗಟ್ಟಿಯಾಗುತ್ತದೆ, ತೇವ ಹಾದುಹೋಗಲು ಬಿಡುತ್ತದೆ. ಹಬ್ಬಕ್ಕೆ ಮುಂಚೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವ ರೂಢಿಯಲ್ಲಿ ಇನ್ನೊಂದು ಲಾಭವಿದೆ. ವರ್ಷಕ್ಕೊಮ್ಮೆ ಬಣ್ಣ ಬದಲಿಸಿ ನೋಡುವ ಅವಕಾಶ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ.

ಕಲ್ಪನೆ: ಫಾಲ್ಸ್ ಸೀಲಿಂಗ್ ಇಲ್ಲದ ಹಾಲ್ ಅಪೂರ್ಣ

ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 2.75 ಮೀಟರ್, ಅಂದರೆ ಸುಮಾರು ಒಂಬತ್ತು ಅಡಿ ಎತ್ತರ ಹೇಳುತ್ತದೆ. ಹತ್ತು ಅಡಿಯ ಹಾಲಿನಲ್ಲಿ ಫಾಲ್ಸ್ ಸೀಲಿಂಗು ಅರ್ಧ ಅಡಿಯನ್ನಾದರೂ ನುಂಗಿದರೆ ಫ್ಯಾನು ತಲೆಗೆ ಹತ್ತಿರ ಬರುತ್ತದೆ. ಸ್ಲ್ಯಾಬಿನ ಬಿಸಿಯನ್ನು ಅದು ಸ್ವಲ್ಪ ತಡೆಯುತ್ತದೆಂಬುದು ನಿಜ. ಆ ಉದ್ದೇಶಕ್ಕೆ ಮಾಳಿಗೆಯ ಮೇಲೆ ಬಿಳಿ ಸುಣ್ಣ ಬಳಿಸುವುದು ಬಹಳ ಅಗ್ಗ.

ಕಲ್ಪನೆ: ಬಾಡಿಗೆ ಮನೆಗೆ ಶೈಲಿ ಯಾಕೆ, ಗೃಹಪ್ರವೇಶಕ್ಕೇ ಎಲ್ಲ ಮುಗಿಯಬೇಕು

ಬಾಡಿಗೆ ಮನೆಯಲ್ಲಿ ಗೋಡೆ ಮುಟ್ಟದೆಯೂ ಜಮಖಾನ, ಪರದೆ, ದೀಪ, ಗಿಡದ ಕುಂಡಗಳಿಂದ ಕೋಣೆಯನ್ನು ಬದಲಿಸಬಹುದು, ಮನೆ ಬಿಡುವಾಗ ಅವನ್ನೆಲ್ಲ ಕಟ್ಟಿಕೊಂಡು ಹೋಗಬಹುದು. ಸ್ವಂತ ಮನೆಯವರ ಅವಸರ ಇದಕ್ಕಿಂತ ದುಬಾರಿ. ಗೃಹಪ್ರವೇಶದ ದಿನಕ್ಕೆಂದು ಒಮ್ಮೆಲೇ ಕೊಂಡ ಸಾಮಾನಿನಲ್ಲಿ ಎಷ್ಟೋ ಮುಂದಿನ ಬೇಸಿಗೆಗೆ ಜಾಗ ತಪ್ಪಿದ್ದೆಂದು ಗೊತ್ತಾಗುತ್ತದೆ. ಕೋಣೆಯ ಬೆಳಕು, ಗಾಳಿ, ಸೆಕೆ ಪೂರ್ತಿ ತಿಳಿಯಲು ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಅಲ್ಲಿ ಕಳೆಯಬೇಕು. ಸೋಫಾ, ಶೋಕೇಸು, ದೊಡ್ಡ ಕಪಾಟಿನ ಖರೀದಿಯನ್ನು ಮೊದಲ ವರ್ಷ ಮುಂದೂಡುವುದು ಒಳ್ಳೆಯದು.