ಕಾಮ್‌ಸ್ಟಾಕ್ ಗಣಿ: ಶಿಲೆಯ ರಚನೆ ಮತ್ತು ಕೆಲಸದ ಇತಿಹಾಸ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದ ಇತಿಹಾಸವನ್ನು ಬರೆದವರಾರೂ ನೆವಾಡದ ಕಾಮ್‌ಸ್ಟಾಕ್ ಗಣಿಯನ್ನು ಪ್ರಸ್ತಾಪಿಸದೆ ಬಿಟ್ಟಿಲ್ಲ. 1859ರಲ್ಲಿ ಪತ್ತೆಯಾದ ಈ ಗಣಿಯಿಂದ ಮುಂದಿನ ಇಪ್ಪತ್ತೆರಡು ಇಪ್ಪತ್ತಮೂರು ವರ್ಷಗಳಲ್ಲಿ ಸುಮಾರು 30 ಕೋಟಿ ಡಾಲರು ಬೆಲೆಯ ಲೋಹ ಹೊರಬಂದಿತು. ಬೆಲೆಯ ಲೆಕ್ಕದಲ್ಲಿ ಐದರಲ್ಲಿ ಮೂರು ಪಾಲಿನಷ್ಟು ಬೆಳ್ಳಿ, ಉಳಿದುದು ಚಿನ್ನ. ಈ ವೃತ್ತಾಂತವನ್ನು ಅದೃಷ್ಟದ ಕಥೆಯಾಗಿ ಹೇಳುವುದು ವಾಡಿಕೆಯಾಗಿದೆ: ಕೆಲವರಿಗೆ ದೊರೆಯಿತು, ಹಲವರಿಗೆ ದೊರೆಯಲಿಲ್ಲ, ಕಡೆಗೆ ಗಣಿ ಬರಿದಾಯಿತು. ಆದರೆ ಅದೃಷ್ಟವೆಂಬ ಮಾತು ಏನನ್ನೂ ವಿವರಿಸುವುದಿಲ್ಲ. ಅದಿರು ಮುಗಿದ ಮೇಲೂ ಬುದ್ಧಿವಂತರೂ ಅನುಭವಸ್ಥರೂ ಆದ ಜನ ವರ್ಷಗಟ್ಟಲೆ ಹಣವನ್ನೂ ಶ್ರಮವನ್ನೂ ಅದೇ ಬಾವಿಗಳಿಗೆ ಸುರಿದರೇಕೆ? ಈ ಪ್ರಶ್ನೆಗೆ ಉತ್ತರ ಮನುಷ್ಯರ ಸ್ವಭಾವಕ್ಕಿಂತ ಹೆಚ್ಚಾಗಿ ಶಿಲೆಯ ಸ್ವಭಾವದಲ್ಲಿಯೂ, ಆ ಶಿಲೆಯನ್ನು ಕುರಿತು ಅಂದಿನವರು ತಳೆದಿದ್ದ ಅಭಿಪ್ರಾಯದಲ್ಲಿಯೂ ಇದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1. ಶಿಲೆಯ ರಚನೆ

ನೆವಾಡದ ಪಶ್ಚಿಮದ ಅಂಚಿನಲ್ಲಿ ವರ್ಜಿನಿಯಾ ಶ್ರೇಣಿಯೆಂಬ ಒಣ ಬೆಟ್ಟಗಳ ಸಾಲು ಇದೆ. ಅದರಲ್ಲಿ ಡೇವಿಡ್‌ಸನ್ ಪರ್ವತವೆಂಬುದು ಒಂದು ಶಿಖರ. ಇದರ ಪೂರ್ವದ ಇಳಿಜಾರಿನಲ್ಲಿ, ಉತ್ತರ ದಕ್ಷಿಣವಾಗಿ ಸುಮಾರು ಎರಡೂವರೆ ಮೈಲಿ ಉದ್ದಕ್ಕೆ, ಕಾಮ್‌ಸ್ಟಾಕ್ ಅದಿರಿನ ಶಿರೆ ಹಬ್ಬಿದೆ. ಈ ಸೀಮೆಯ ಬಹುಭಾಗ ಜ್ವಾಲಾಮುಖಿಗಳಿಂದ ಹೊರಬಂದ ಆಂಡಸೈಟ್ ಎಂಬ ಶಿಲೆಯಿಂದ ಆದುದು. ಒಂದು ಕಾಲದಲ್ಲಿ ಇಲ್ಲಿ ನೆಲ ಸೀಳಿ, ಪೂರ್ವದ ಭಾಗ ಕೆಳಕ್ಕೆ ಜಾರಿತು. ಇಂಥ ಸೀಳನ್ನು ಭೂವಿಜ್ಞಾನಿಗಳು ಸ್ತರಭಂಗವೆಂದು ಕರೆಯುತ್ತಾರೆ. ಸೀಳು ನೆಟ್ಟಗೆ ಇಳಿಯದೆ ಪೂರ್ವಕ್ಕೆ ಓರೆಯಾಗಿ ಇಳಿಯುತ್ತದೆ.

ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದೆ, ಭೂಮಿಯೊಳಗಿನ ಬಿಸಿನೀರು ಈ ಸೀಳಿನ ಮೂಲಕ ಮೇಲೇರಿತು. ಆ ನೀರಿನಲ್ಲಿ ಬೆಳ್ಳಿ, ಚಿನ್ನ, ಗಂಧಕ, ಸಿಲಿಕ ಮುಂತಾದವು ಕರಗಿದ್ದವು. ಆಳದಲ್ಲಿ ಮೇಲಿನ ಭಾರದ ಒತ್ತಡವಿರುವವರೆಗೆ ನೀರು ಎಷ್ಟು ಬಿಸಿಯಾಗಿದ್ದರೂ ಕುದಿಯುವುದಿಲ್ಲ. ಮೇಲ್ಮೈಗೆ ಸಮೀಪಿಸಿದಾಗ ಒತ್ತಡ ತಗ್ಗಿ ಅದು ಕುದಿಯತೊಡಗುತ್ತದೆ. ಆವಿಯೂ ಅನಿಲಗಳೂ ಬೇರ್ಪಡುತ್ತವೆ. ಕರಗಿದ್ದ ಲೋಹಗಳು ಬೆಣಚುಕಲ್ಲಿನೊಡನೆ ಸೀಳಿನ ಗೋಡೆಗಳಿಗೆ ಅಂಟಿ ನಿಲ್ಲುತ್ತವೆ. ಇದರಿಂದ ಎರಡು ಪರಿಣಾಮಗಳುಂಟಾದುವು. ಒಂದು, ಅದಿರು ಶಿರೆಯ ಉದ್ದಕ್ಕೂ ಹೋಳಿಗೆಯ ಹೂರಣದಂತೆ ಸಮನಾಗಿ ಹರಡಲಿಲ್ಲ; ನೀರಿಗೆ ದಾರಿ ಸಲೀಸಾಗಿದ್ದೆಡೆ ಮಾತ್ರ, ಪಾಯಸದಲ್ಲಿನ ದ್ರಾಕ್ಷಿಯಂತೆ, ಅಲ್ಲಲ್ಲಿ ಗಡ್ಡೆಗಟ್ಟಿತು. ಸ್ಪ್ಯಾನಿಷ್ ಮಾತಿನಿಂದ ಬಂದ ಬೊನಾಂಜಾ ಎಂಬ ಹೆಸರು ಈ ಗಡ್ಡೆಗಳಿಗೆ ಸಂದಿತು. ಎರಡು, ಕುದಿಯುವಿಕೆ ನಡೆಯುವುದು ಮೇಲ್ಮೈಯ ಕೆಳಗಿನ ಕೆಲವು ಸಾವಿರ ಅಡಿಗಳೊಳಗೆ ಮಾತ್ರವಾದುದರಿಂದ, ಸಂಪತ್ತಿಗೆ ಮೇಲೊಂದು ಮಿತಿಯಿದ್ದಂತೆ ಕೆಳಗೂ ಒಂದು ಮಿತಿಯಿದ್ದಿತು. ಮೊದಲನೆಯ ಸಂಗತಿಯನ್ನು ಗಣಿಗಾರರು ಬೇಗನೆ ಕಲಿತರು. ಎರಡನೆಯದನ್ನು ಕಲಿಯಲು ಅವರು ಬಹಳ ಬೆಲೆ ತೆರಬೇಕಾಯಿತು.

2. ಪತ್ತೆಯಾದ ಬಗೆ

1850ರ ದಶಕದಲ್ಲಿ ಈ ಬೆಟ್ಟದ ಕೆಳಗಿನ ಕಣಿವೆಗಳಲ್ಲಿ ಕೆಲವರು ಮರಳನ್ನು ತೊಳೆದು ಚಿನ್ನ ತೆಗೆಯುತ್ತಿದ್ದರು. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮಾಡುತ್ತಿದ್ದ ಕೆಲಸವೂ ಇದೇ ಬಗೆಯದು. ಅಲ್ಲಿನ ಚಿನ್ನದ ಬಣ್ಣ ಪೇಲವವಾಗಿದ್ದು, ಬೆಲೆಯೂ ಕಡಮೆಯಾಗಿತ್ತು. ಅದರಲ್ಲಿ ಬೆಳ್ಳಿ ಬೆರೆತಿದ್ದುದೇ ಇದಕ್ಕೆ ಕಾರಣ. ಗ್ರಾಷ್ ಎಂಬ ಇಬ್ಬರು ಸೋದರರು ಬೆಳ್ಳಿಯ ಸುಳಿವನ್ನು ಕಂಡುಕೊಂಡಿದ್ದರಾದರೂ 1857ರಲ್ಲಿ ಇಬ್ಬರೂ ತೀರಿಕೊಂಡರು.

1859ರ ಜೂನ್ ತಿಂಗಳಲ್ಲಿ ಪೀಟರ್ ಓರೈಲಿ ಮತ್ತು ಪ್ಯಾಟ್ರಿಕ್ ಮೆಕ್‌ಲಾಫ್ಲಿನ್ ಎಂಬುವರು ಬೆಟ್ಟದ ಮಗ್ಗುಲಲ್ಲಿ ಅಗೆಯುತ್ತಿದ್ದಾಗ ಒಳ್ಳೆಯ ಚಿನ್ನ ದೊರೆಯಿತು. ಅದರೊಡನೆ ನೀಲಿಗಪ್ಪು ಬಣ್ಣದ ಭಾರವಾದ ಮಣ್ಣೊಂದು ತೊಳೆಯುವ ತೊಟ್ಟಿಲನ್ನು ಕಟ್ಟಿ ತೊಂದರೆ ಕೊಡುತ್ತಿತ್ತು. ಅದನ್ನು ಅವರು ಬೈದು ಬದಿಗೆ ಎಸೆಯುತ್ತಿದ್ದರು. ಹೆನ್ರಿ ಕಾಮ್‌ಸ್ಟಾಕ್ ಎಂಬವನು ಆ ನೆಲ ತನ್ನದೆಂದು ವಾದಿಸಿ ಪಾಲುಗಾರನಾದನು. ಅವನ ಹೆಸರೇ ಗಣಿಗೆ ನಿಂತಿತು. ಕ್ಯಾಲಿಫೋರ್ನಿಯಾದ ಲೋಹಪರೀಕ್ಷಕರು ಆ ನೀಲಿ ಮಣ್ಣನ್ನು ಪರೀಕ್ಷಿಸಿದಾಗ ಟನ್ನಿಗೆ ಸುಮಾರು 3,000 ಡಾಲರು ಬೆಲೆಯ ಬೆಳ್ಳಿಯೂ, ಅದರ ಜೊತೆಗೆ ನೂರಾರು ಡಾಲರಿನ ಚಿನ್ನವೂ ಇರುವುದು ತಿಳಿದುಬಂದಿತು. ಎಸೆದ ಮಣ್ಣು ಬೆಳ್ಳಿ ಗಂಧಕಗಳು ಕೂಡಿದ ಅದಿರಾಗಿತ್ತು. ಕಾಮ್‌ಸ್ಟಾಕನು ತನ್ನ ಪಾಲನ್ನು ಸುಮಾರು ಹತ್ತು ಸಾವಿರ ಡಾಲರಿಗೆ ಮಾರಿ, 1870ರಲ್ಲಿ ಬಡವನಾಗಿ ಸತ್ತನು. ಆದರೆ ಅವನು ಅದನ್ನು ಇಟ್ಟುಕೊಂಡಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ. ಮರಳು ತೊಳೆಯಲು ಒಬ್ಬನ ಕೈ ಸಾಕು. ಶಿರೆಯನ್ನು ಹಿಡಿದು ಇಳಿಯಲು ಯಂತ್ರ, ಬಂಡವಾಳ, ನೂರಾರು ಕೂಲಿಗಳು ಬೇಕು.

3. ಮೂರು ತೊಡಕುಗಳು

ಮೊದಲನೆಯ ತೊಡಕು ಅದಿರಿನ ಅಗಲದ್ದು. ಓಫಿರ್ ಗಣಿಯಲ್ಲಿ 1860ರ ವೇಳೆಗೆ, 200 ಅಡಿ ಆಳ ಮುಟ್ಟುವ ಮೊದಲೇ, ಅದಿರಿನ ಗಡ್ಡೆ 40 ಅಡಿಗೂ ಮಿಕ್ಕಿ ಅಗಲವಾಯಿತು. ಅದಿರು ಮೆದು, ಸುತ್ತಲಿನ ಕಲ್ಲು ಬಿಸಿನೀರಿನಲ್ಲಿ ಬೆಂದು ಜೇಡಿಮಣ್ಣಾಗಿ, ಗಾಳಿ ತಗುಲಿದೊಡನೆ ಉಬ್ಬುವಂಥದು. ಸಾಮಾನ್ಯವಾದ ಕಂಬಗಳು ಇಂಥ ಒತ್ತಡಕ್ಕೆ ಮುರಿಯುತ್ತಿದ್ದವು. ಜರ್ಮನಿಯಿಂದ ಬಂದ ಫಿಲಿಪ್ ಡೈಡೆಸ್‌ಹೈಮರ್ ಎಂಬ ಎಂಜಿನಿಯರು ದಪ್ಪ ತೊಲೆಗಳನ್ನು ಚೌಕಟ್ಟಿನಂತೆ ಜೋಡಿಸಿ, ಜೇನುಗೂಡಿನ ಕೋಣೆಗಳ ಹಾಗೆ ಒಂದರ ಮೇಲೊಂದು, ಒಂದರ ಮಗ್ಗುಲಿಗೊಂದು ಕಟ್ಟುವ ಕ್ರಮವನ್ನು ರೂಪಿಸಿದನು. ಅದಿರನ್ನು ತೆಗೆದಷ್ಟು ಜಾಗದಲ್ಲಿ ಒಂದೊಂದು ಚೌಕಟ್ಟು ಏರುತ್ತಿತ್ತು. ಈ ಕ್ರಮ ಗಣಿಯನ್ನು ಉಳಿಸಿತು, ಕಾಡನ್ನು ತಿಂದಿತು. ಸಿಯೆರಾ ನೆವಾಡದ, ಅದರಲ್ಲಿಯೂ ಟಾಹೋ ಸರೋವರದ ಸುತ್ತಲಿನ, ದೊಡ್ಡ ಮರಗಳು ನೆಲದಡಿಗೆ ಇಳಿದುವು. ಬೆಟ್ಟಗಳ ಪಿನ್ಯಾನ್ ಪೈನ್ ಮರಗಳು ಸೌದೆಯಾದುವು. ಅವುಗಳ ಬೀಜವನ್ನು ಮುಖ್ಯ ಆಹಾರವಾಗಿ ನಂಬಿದ್ದ ಪೈಯೂಟ್ ಮತ್ತು ವಾಷೋ ಜನರ ಜೀವನ ಕೆಟ್ಟಿತು. ಮರದಿಂದ ತುಂಬಿದ ಗಣಿಗೆ ಬೆಂಕಿಯ ಭಯ ತಪ್ಪಿದುದಲ್ಲ. 1869ರ ಏಪ್ರಿಲ್ 7ರಂದು ಯೆಲ್ಲೊ ಜ್ಯಾಕೆಟ್ ಗಣಿಯಲ್ಲಿ ತೊಲೆಗಳಿಗೆ ಹತ್ತಿದ ಬೆಂಕಿಯಲ್ಲಿ ಕಡಮೆಯೆಂದರೂ 35 ಮಂದಿ ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಎರಡನೆಯ ತೊಡಕು ಲೋಹವನ್ನು ಬೇರ್ಪಡಿಸುವುದು. ಬಿಡಿ ಚಿನ್ನವನ್ನು ಪಾದರಸ ಸುಲಭವಾಗಿ ಹಿಡಿಯುತ್ತದೆ. ಗಂಧಕದೊಡನೆ ಕೂಡಿದ ಬೆಳ್ಳಿಯನ್ನು ಹಾಗೆ ಹಿಡಿಯದು. ಮೆಕ್ಸಿಕೋದಲ್ಲಿ 16ನೆಯ ಶತಮಾನದಿಂದ ಅದಿರಿನ ಪುಡಿಗೆ ಉಪ್ಪು, ಪಾದರಸ ಮುಂತಾದುವನ್ನು ಬೆರೆಸಿ, ಬಯಲಿನ ಅಂಗಳದಲ್ಲಿ ಹರಡಿ, ಹೇಸರಗತ್ತೆಗಳಿಂದ ವಾರಗಟ್ಟಲೆ ತುಳಿಸುವ ಪದ್ಧತಿ ಇದ್ದಿತು. ನೆವಾಡದ ಚಳಿಗೂ ಅವಸರಕ್ಕೂ ಅದು ಒಗ್ಗಲಿಲ್ಲ. 1860ರಿಂದ ಆಲ್ಮಾರಿನ್ ಪಾಲ್ ಮತ್ತು ಅವನಂಥವರು ಕಬ್ಬಿಣದ ಕೊಪ್ಪರಿಗೆಗಳಲ್ಲಿ ಅದಿರಿನ ಪುಡಿಯನ್ನು ಉಪ್ಪು, ಮೈಲುತುತ್ತ, ಪಾದರಸಗಳೊಡನೆ ಹಬೆಯಿಂದ ಕಾಯಿಸಿ ತಿರುವಿದರು. ಕೊಪ್ಪರಿಗೆಯ ಕಬ್ಬಿಣವೂ ಬೆಳ್ಳಿಯನ್ನು ಬಿಡಿಸಲು ನೆರವಾಯಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಈ ಕ್ರಮಕ್ಕೆ ಆ ಸೀಮೆಯ ಹೆಸರಿನಿಂದ ವಾಷೋ ಪದ್ಧತಿಯೆಂದು ಹೆಸರಾಯಿತು. ಕೊಪ್ಪರಿಗೆಗಳಿಂದ ಜಾರಿಹೋದ ಪಾದರಸ ಕಾರ್ಸನ್ ನದಿಯ ಕೆಸರಿನಲ್ಲಿ ಸೇರಿತು. ಅದರ ಮೊತ್ತವನ್ನು ಸುಮಾರು 7,000 ಟನ್ನೆಂದು ಅಂದಾಜು ಮಾಡಲಾಗಿದೆ. 1990ರಲ್ಲಿ ಅಮೆರಿಕಾ ಸರ್ಕಾರ ಆ ನದೀಪ್ರದೇಶವನ್ನು ವಿಷಪೂರಿತ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಮೂರನೆಯ ತೊಡಕು ನ್ಯಾಯಾಲಯದ್ದು. ಅಲ್ಲಿನ ಗಣಿಗಾರರ ಕಟ್ಟಳೆಯ ಪ್ರಕಾರ ಶಿರೆಯ ತಲೆ ಯಾರ ನೆಲದಲ್ಲಿದೆಯೋ ಅವರು ಅದನ್ನು ನೆರೆಯವನ ನೆಲದಡಿಯಲ್ಲಿಯೂ ಹಿಂಬಾಲಿಸಬಹುದಾಗಿತ್ತು. ಹಾಗಾದರೆ ಬೆಟ್ಟದಲ್ಲಿ ಇರುವುದು ಒಂದೇ ಶಿರೆಯೋ, ಹಲವೋ? ಒಂದೇ ಆದರೆ ಮೊದಲು ಬಂದವರಿಗೆ ಎಲ್ಲವೂ; ಹಲವಾದರೆ ತಡವಾಗಿ ಬಂದವರಿಗೂ ಪಾಲು. ಹೀಗೆ ಭೂವಿಜ್ಞಾನದ ಒಂದು ಪ್ರಶ್ನೆ ಕೋಟ್ಯಂತರ ಡಾಲರುಗಳ ವ್ಯಾಜ್ಯವಾಯಿತು. ಲಂಚದ ಆಪಾದನೆಗಳ ನಡುವೆ 1864ರಲ್ಲಿ ಆ ಪ್ರಾಂತದ ಉಚ್ಚ ನ್ಯಾಯಾಧೀಶರು ಮೂವರೂ ರಾಜೀನಾಮೆ ಕೊಟ್ಟರು. ಕಡೆಗೆ ಒಂದೇ ಶಿರೆಯೆಂಬ ವಾದ ನಿಂತಿತು.

4. ಆಳದ ಪ್ರಶ್ನೆ

ಈ ತೀರ್ಮಾನದ ಹಿಂದೆಯೇ ಮತ್ತೊಂದು ನಂಬಿಕೆ ಬೆಳೆಯಿತು. ಹೆಸರಾಂತ ಜರ್ಮನ್ ಭೂವಿಜ್ಞಾನಿ ಫರ್ಡಿನಾಂಡ್ ಫಾನ್ ರಿಖ್ಟ್‌ಹೋಫೆನ್ 1865ರಲ್ಲಿ ಗಣಿಯನ್ನು ಪರೀಕ್ಷಿಸಿ, ಇದು ಆಳವಾದ ಸೀಳಿನಲ್ಲಿ ತುಂಬಿದ ನಿಜವಾದ ಶಿರೆ, ಆದುದರಿಂದ ಆಳಕ್ಕೆ ಹೋದಷ್ಟೂ ಮುಂದುವರಿಯುತ್ತದೆ ಎಂದು ಅಭಿಪ್ರಾಯಪಟ್ಟನು. ಸೀಳಿನ ವಿಷಯದಲ್ಲಿ ಅವನ ಮಾತು ಸರಿ. ಆದರೆ ಸೀಳು ಇಳಿದಷ್ಟು ಆಳಕ್ಕೂ ಅದಿರು ಇಳಿಯುವುದೆಂಬುದು ಬೇರೆಯೇ ಮಾತು. ಈ ಭೇದ ಅಂದು ಸ್ಪಷ್ಟವಾಗಿರಲಿಲ್ಲ.

ಅಡಾಲ್ಫ್ ಸೂಟ್ರೋ ಎಂಬವನು ಈ ಅಭಿಪ್ರಾಯವನ್ನು ಆಧಾರವಾಗಿಟ್ಟುಕೊಂಡು, ಕಾರ್ಸನ್ ನದಿಯ ಕಡೆಯಿಂದ ಬೆಟ್ಟದೊಳಕ್ಕೆ ಸುಮಾರು ನಾಲ್ಕು ಮೈಲಿ ಉದ್ದದ ಸುರಂಗವನ್ನು ಕೊರೆಯಲು ಹೊರಟನು. ಸುಮಾರು 1,650 ಅಡಿ ಆಳದಲ್ಲಿ ಅದು ಶಿರೆಯನ್ನು ಸೇರಿ, ಗಣಿಗಳ ನೀರನ್ನು ಹೊರಕ್ಕೆ ಹರಿಸಬೇಕಾಗಿತ್ತು. 1869ರಲ್ಲಿ ಕೆಲಸ ಮೊದಲಾಯಿತು. ಈ ನಡುವೆ, 1873ರಲ್ಲಿ, ಕನ್ಸಾಲಿಡೇಟೆಡ್ ವರ್ಜಿನಿಯಾ ಗಣಿಯಲ್ಲಿ ಸುಮಾರು 1,200 ಅಡಿ ಆಳದಲ್ಲಿ ಅದುವರೆಗೆ ಕಂಡ ಗಡ್ಡೆಗಳಲ್ಲೆಲ್ಲ ದೊಡ್ಡದು ದೊರೆಯಿತು. ಅದೊಂದರಿಂದಲೇ ಹತ್ತು ಕೋಟಿ ಡಾಲರಿಗೂ ಮಿಕ್ಕ ಲೋಹ ಬಂದಿತು. ಆಳದಲ್ಲಿ ಸಂಪತ್ತಿದೆಯೆಂಬ ನಂಬಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪೇಟೆಯಲ್ಲಿ ಮನೆಗೆಲಸದವರು ಸಹ ಗಣಿಯ ಷೇರುಗಳನ್ನು ಕೊಂಡರು. ಬಹುಪಾಲು ಗಣಿಗಳು ಲಾಭಾಂಶವನ್ನು ಕೊಡಲಿಲ್ಲ. ಬದಲಾಗಿ ಇನ್ನಷ್ಟು ಆಳಕ್ಕೆ ಇಳಿಯಲು ಷೇರುದಾರರಿಂದಲೇ ಮತ್ತೆ ಮತ್ತೆ ಹಣ ಎತ್ತಿದವು.

1878ರ ಜುಲೈ ತಿಂಗಳಲ್ಲಿ ಸೂಟ್ರೋ ಸುರಂಗ ಗಣಿಯನ್ನು ಮುಟ್ಟಿತು. ಆ ವೇಳೆಗೆ ಗಣಿಗಳು ಅದಕ್ಕಿಂತ ಕೆಳಕ್ಕೆ ಇಳಿದುಬಿಟ್ಟಿದ್ದವು. ಅದಿರನ್ನು ಸೃಷ್ಟಿಸಿದ ಭೂಶಾಖ ಅಲ್ಲಿ ಇನ್ನೂ ಆರಿರಲಿಲ್ಲ. 3,000 ಅಡಿಯ ಮಟ್ಟದಲ್ಲಿ ನುಗ್ಗಿದ ನೀರು 170 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಿತ್ತು. ಕಾರ್ಮಿಕರು ಸೊಂಟದ ಮೇಲೆ ಬಟ್ಟೆಯಿಲ್ಲದೆ, ಮಂಜುಗಡ್ಡೆಯ ನೀರು ಕುಡಿಯುತ್ತ, ಕೆಲವು ನಿಮಿಷ ದುಡಿದು ಕೆಲವು ನಿಮಿಷ ವಿಶ್ರಮಿಸುತ್ತ ಕೆಲಸ ಮಾಡಿದರು. ಅವರ ಸಂಘದ ಬಲದಿಂದ ದಿನಕ್ಕೆ 4 ಡಾಲರು ಕೂಲಿ ನಿಂತಿತ್ತು; ಆ ಕಾಲಕ್ಕೆ ಅದು ಹೆಚ್ಚಿನ ಕೂಲಿ. ಆದರೆ ಆ ಆಳದಲ್ಲಿ ಬೆಣಚುಕಲ್ಲಿತ್ತು, ನೀರಿತ್ತು, ಬೆಲೆಯುಳ್ಳ ಅದಿರು ಇರಲಿಲ್ಲ. 1877ರ ನಂತರ ಉತ್ಪತ್ತಿ ಕುಸಿಯಿತು. 1880ರ ದಶಕದಲ್ಲಿ ಆಳದ ಪಂಪುಗಳು ಒಂದೊಂದಾಗಿ ನಿಂತು, ಕೆಳಗಿನ ಮಟ್ಟಗಳು ಮುಳುಗಿದುವು. ಮುಂದೆ ನಡೆದ ಕೆಲಸವೆಲ್ಲ ಬಹುಮಟ್ಟಿಗೆ ಮೇಲಿನ ಕಡಮೆ ದರ್ಜೆಯ ಅದಿರಿನದು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ವಾಸಿಸಿದ್ದ ಆ ನೆಲೆಯಲ್ಲಿ ಈಗ ವರ್ಜಿನಿಯಾ ಸಿಟಿ ಪ್ರವಾಸಿಗರು ನೋಡಬರುವ ಸಣ್ಣ ಊರು.

5. ನಮ್ಮ ನಾಡಿನ ಸಂಬಂಧ

ಈ ದೂರದ ಗಣಿಗೂ ನಮಗೂ ಎರಡು ಸಂಬಂಧಗಳಿವೆ. ಮೊದಲನೆಯದು ರೂಪಾಯಿಯದು. ಜರ್ಮನಿ 1871 ರಿಂದ 1873ರವರೆಗೆ ಚಿನ್ನದ ನಾಣ್ಯಕ್ಕೆ ತಿರುಗಿತು; ಅಮೆರಿಕಾ ಸಹ 1873ರ ಕಾಯಿದೆಯಿಂದ ಬೆಳ್ಳಿಯ ಡಾಲರಿನ ಮುಕ್ತ ಟಂಕಣವನ್ನು ಕೈಬಿಟ್ಟಿತು. ಬೆಳ್ಳಿಗೆ ಬೇಡಿಕೆ ತಗ್ಗಿದ ಈ ಕಾಲದಲ್ಲಿಯೇ ನೆವಾಡದ ಬೆಳ್ಳಿ ಹೊಳೆಯಾಗಿ ಹರಿದು ಬಂದಿತು. ಬೆಲೆ ಕುಸಿಯಲು ಗಣಿಯೊಂದೇ ಕಾರಣವಲ್ಲ. ಆದರೆ ಅದೂ ಒಂದು ಕಾರಣ. ಲಂಡನ್ನಿನಲ್ಲಿ 1872ರಲ್ಲಿ ಔನ್ಸಿಗೆ ಸುಮಾರು 60 ಪೆನ್ನಿಯಿದ್ದ ಬೆಳ್ಳಿ 1892ರಲ್ಲಿ 40 ಪೆನ್ನಿಗೆ ಇಳಿಯಿತು. ಬೆಳ್ಳಿಯ ರೂಪಾಯಿಯೂ ಅದರೊಡನೆ ಇಳಿಯಿತು. ಭಾರತ ಸರ್ಕಾರ ಇಂಗ್ಲೆಂಡಿಗೆ ವರ್ಷ ವರ್ಷವೂ ತೆರಬೇಕಾಗಿದ್ದ ಹಣ ಪೌಂಡುಗಳಲ್ಲಿದ್ದುದರಿಂದ, ಅದೇ ಋಣಕ್ಕೆ ಹೆಚ್ಚು ರೂಪಾಯಿ ಬೇಕಾಯಿತು. ಆ ಹೊರೆ ತೆರಿಗೆ ಕೊಡುವವನ ಮೇಲೆ ಬಿದ್ದಿತು. 1893ರಲ್ಲಿ ಭಾರತದ ಟಂಕಸಾಲೆಗಳು ಬೆಳ್ಳಿಯ ಮುಕ್ತ ಟಂಕಣಕ್ಕೆ ಬಾಗಿಲು ಮುಚ್ಚಿದವು.

ಎರಡನೆಯದು ಕೋಲಾರದ ಸಂಬಂಧ. ಕಾಮ್‌ಸ್ಟಾಕಿನಲ್ಲಿ ದುಡಿದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ಬಹಳ ಮಂದಿ. ಅದೇ ಸೀಮೆಯವರು 1880ರ ದಶಕದಲ್ಲಿ ಜಾನ್ ಟೇಲರ್ ಮತ್ತು ಮಕ್ಕಳ ಕಂಪೆನಿಯ ಮೂಲಕ ಕೋಲಾರಕ್ಕೂ ಬಂದರು. ಅಲ್ಲಿಯೂ ಮೊದಲ ವರ್ಷಗಳಲ್ಲಿ ಬಂಡವಾಳ ಕರಗಿ, ಗಣಿಯನ್ನು ಮುಚ್ಚುವ ಮಾತು ಬಂದಿತ್ತು. ಪುರಾತನರು ಅಗೆದು ಬಿಟ್ಟ ಕುಳಿಗಳ ಕೆಳಕ್ಕೆ ಇಳಿದಾಗ ಚಾಂಪಿಯನ್ ಶಿರೆ ಕೈಗೆ ಸಿಕ್ಕಿತು. ನೆವಾಡದಲ್ಲಿ ಷೇರುದಾರರನ್ನು ಕೆಡಿಸಿದ ಆಳದ ನಂಬಿಕೆಯೇ ಇಲ್ಲಿ ಗಣಿಯನ್ನು ಉಳಿಸಿತು. ಕೋಲಾರದ ಕೆಲಸ 10,000 ಅಡಿಗೂ ಕೆಳಗೆ ಇಳಿದು, 2001ರವರೆಗೆ ನಡೆಯಿತು.

ಇದಕ್ಕೆ ಕಾರಣ ಶಿಲೆಯಲ್ಲಿದೆ. ಕೋಲಾರದ ಶಿರೆ ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಪುರಾತನವಾದ ಶಿಲೆಗಳಲ್ಲಿ, ಭೂಮಿಯ ಬಹಳ ಆಳದಲ್ಲಿ ರೂಪುಗೊಂಡುದು. ಮೇಲಿನ ನೆಲ ಸವೆದು ಅದು ಹೊರಗೆ ಕಾಣಿಸಿಕೊಂಡಿತು. ಕಾಮ್‌ಸ್ಟಾಕಿನದು ಮೇಲ್ಮೈಯ ಸಮೀಪದಲ್ಲಿ ನಿನ್ನೆ ಮೊನ್ನೆ ಆದ ಅದಿರು. ಇಪ್ಪತ್ತನೆಯ ಶತಮಾನದಲ್ಲಿ ವಾಲ್ಡೆಮಾರ್ ಲಿಂಡ್‌ಗ್ರೆನ್ ಅದಿರುಗಳನ್ನು ಅವು ರೂಪುಗೊಂಡ ಆಳಕ್ಕೂ ಶಾಖಕ್ಕೂ ಅನುಗುಣವಾಗಿ ವಿಂಗಡಿಸಿದ ಮೇಲೆ ಈ ಭೇದ ಎಲ್ಲರಿಗೂ ತಿಳಿಯಿತು. ಅಷ್ಟರಲ್ಲಿ ಕಾಮ್‌ಸ್ಟಾಕಿನ ಬಾವಿಗಳು ಮುಳುಗಿ ಬಹುಕಾಲವಾಗಿತ್ತು.

6. ಉಪಸಂಹಾರ

ಫಲವನ್ನು ಕಂಡ ಮೇಲೆ ಒಬ್ಬರನ್ನು ಧೀರರೆಂದೂ ಮತ್ತೊಬ್ಬರನ್ನು ದುರಾಶೆಯವರೆಂದೂ ಕರೆಯುವುದು ಸುಲಭ. ಕೋಲಾರದಲ್ಲಿ ಇಳಿದವರೂ ನೆವಾಡದಲ್ಲಿ ಇಳಿದವರೂ ಒಂದೇ ಬಗೆಯ ಜನ. ಒಂದೇ ತಿಳಿವಳಿಕೆಯಿಂದ, ಒಂದೇ ಆಸೆಯಿಂದ ಇಳಿದರು. ಅವರ ಕಾಲಡಿಯ ಕಲ್ಲು ಮಾತ್ರ ಬೇರೆ. ಆ ಕಲ್ಲಿನ ವಿಷಯ ಅರಿಯದೆ ಗಣಿಯ ಇತಿಹಾಸವನ್ನು ಬರೆದರೆ, ಗೆದ್ದವರ ಗುಣಗಾನವೂ ಸೋತವರ ನಿಂದೆಯೂ ಉಳಿದು, ಆಳದ ಬಿಸಿನೀರಿನಲ್ಲಿ ನಿಂತು ದುಡಿದವನು ಲೆಕ್ಕಕ್ಕೆ ಬಾರದೆ ಹೋಗುತ್ತಾನೆ. ಇತಿಹಾಸದ ವಿದ್ಯಾರ್ಥಿಗಳು ಕಂಪೆನಿಗಳ ಕಡತಗಳೊಡನೆ ಭೂವಿಜ್ಞಾನಿಗಳ ನಕ್ಷೆಗಳನ್ನೂ ಓದುವ ಅಭ್ಯಾಸ ಮಾಡಿಕೊಳ್ಳುವುದು ಅಗತ್ಯ. ಕೋಲಾರ, ಹಟ್ಟಿಗಳಂಥ ಗಣಿಗಳಿರುವ ನಮ್ಮ ನಾಡಿನಲ್ಲಿ ಈ ಅಭ್ಯಾಸಕ್ಕೆ ಬೇಕಾದ ಸಾಮಗ್ರಿ ಕೈಯಳತೆಯಲ್ಲಿಯೇ ಇದೆ.